ಪೆನ್ಸಿಲ್ಲಿನಲ್ಲಿ ಬರೆದ ಹೆಸರು

ಸೋಮವಾರ ಮಧ್ಯಾಹ್ನ ಅಕ್ಕ ಫೋನು ಮಾಡಿ, ಆಪರೇಷನ್ ಎರಡು ತಿಂಗಳು ಮೊದಲೇ ಬಂದುಬಿಟ್ಟಿದೆ ಎಂದಾಗ ಪಾಳಿಯಮ್ಮನಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಏನೇ ಆದರೂ ಅವಳಿಗೆ ಮೊದಲು ಬರುವುದು ಅದೇ. ಹಲ್ಲು ನೋವಾದರೂ ಸಿಟ್ಟು, ಕೊಡೆ ಮರೆತು ಬಂದರೂ ಸಿಟ್ಟು, ಯಾರಾದರೂ ಪ್ರೀತಿಯಿಂದ ಹುಷಾರಾಗಿದ್ದೀಯಾ ಎಂದು ಕೇಳಿದರೂ ಸಿಟ್ಟು. ಮೂಗಿನ ತುದಿಯಲ್ಲಿ ಕೋಪ ಇರುವವರನ್ನು ನೀವು ನೋಡಿರಬಹುದು. ಇವಳಿಗೆ ಇಡೀ ಮೂಗೇ ಕೋಪದ್ದು.

ಅಕ್ಕನ ಬೆನ್ನುಹುರಿಯ ಪಕ್ಕದಲ್ಲಿ ಒಂದು ಗಂಟು ಬೆಳೆಯುತ್ತಿತ್ತು. ಜೀವಕ್ಕೇನೂ ಭಯವಿಲ್ಲ, ಆದರೆ ಹಾಗೇ ಬಿಟ್ಟರೆ ಕಾಲಿನ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ತಿಂದುಹಾಕುತ್ತದೆ, ತೆಗೆಯಲೇಬೇಕು ಎಂದಿದ್ದರು ಡಾಕ್ಟರು. ತೆಗೆದ ಮೇಲೆ ಕಾಲು ಮೊದಲಿನ ಹಾಗೇ ಇರುತ್ತದೆಯೇ ಎಂದು ಅಕ್ಕ ಕೇಳಿದ್ದಳು. ಆ ಪುಣ್ಯಾತ್ಮ ಸುತ್ತಿಬಳಸದೆ ಹೇಳಿದ್ದ: ಇರಬಹುದು, ಇಲ್ಲದೆಯೂ ಇರಬಹುದು, ಬರೆದುಕೊಡಲು ಆಗುವುದಿಲ್ಲ. ಅಲ್ಲಿಯವರೆಗೆ ಬೇಕಾದಷ್ಟು ನಡೆಯಿರಿ, ನಡೆದಷ್ಟೂ ಒಳ್ಳೆಯದು, ಭಾರ ಮಾತ್ರ ಹೊರಬೇಡಿ. ಈಗ ಸರದಿಯಲ್ಲಿ ಮುಂದಿದ್ದ ಯಾರೋ ಹಿಂದೆ ಸರಿದಿದ್ದರಿಂದ ಅಕ್ಕನ ದಿನ ಇನ್ನು ಹದಿನಾಲ್ಕು ದಿನಕ್ಕೆ ಬಂದು ನಿಂತಿತ್ತು.

ಅಕ್ಕತಂಗಿಯರಿಗೆ ಹೊಳೆದಾರಿಯ ಹುಚ್ಚು ಇಂದುನಿನ್ನೆಯದಲ್ಲ. ಗುಡ್ಡದ ಕೆರೆಯಲ್ಲಿ ಹುಟ್ಟುವ ಹೊಳೆಯ ಜೊತೆಗೇ ಹೊರಟು, ಹೊಲ, ತೋಪು, ಹಳೆಯ ಹಿಟ್ಟಿನ ಗಿರಣಿಗಳನ್ನು ದಾಟಿ ಸಮುದ್ರ ಸೇರುವ ಕಾಲುದಾರಿ ಅದು. ಆರು ದಿನ ಬೇಕು. ಹತ್ತು ವರ್ಷದಲ್ಲಿ ಮೂರು ಸಲ ಹೊರಟಿದ್ದರು, ಮೂರು ಸಲವೂ ತಂಗಿ ಕೆಲಸ ಮಾಡುವ ಬಸ್ ಡಿಪೋ ಕೈಕೊಟ್ಟಿತ್ತು. ಒಂದು ಸಲ ಕಂಡಕ್ಟರುಗಳ ಮುಷ್ಕರ, ಒಂದು ಸಲ ಹೊಸ ಟಿಕೆಟ್ ಮಿಷನ್ನು, ಇನ್ನೊಂದು ಸಲ ಮ್ಯಾನೇಜರಿಗೆ ಕಾಮಾಲೆ. ಪ್ರತಿ ಸಲವೂ ತಂಗಿ ಫೋನಿನಲ್ಲಿ ಡಿಪೋದವರಿಗೆ ಹಿಡಿಶಾಪ ಹಾಕುವುದು, ಆ ಕಡೆಯಿಂದ ಅಕ್ಕನೂ ತನ್ನ ಪಾಲಿನ ನಾಲ್ಕು ಸೇರಿಸುವುದು. ನಾಲ್ಕನೆಯ ಸಲ ಮುಂದಿನ ತಿಂಗಳು ನಿಧಾನವಾಗಿ ಹೋಗೋಣ ಅಂದುಕೊಂಡಿದ್ದರು. ಆ ನಿಧಾನವನ್ನು ಈಗ ಆಸ್ಪತ್ರೆಯವರು ಕಿತ್ತುಕೊಂಡಿದ್ದರು.

"ಈ ಶುಕ್ರವಾರ ಹೊರಡಬೇಕು. ಇಲ್ದಿದ್ರೆ ಇಲ್ಲ," ಎಂದಳು ಅಕ್ಕ. "ನಿಂಗೆ ಆಗುತ್ತಾ?"

ಆಗದೆ ಏನು ಎಂದು ಗುಡುಗಿ ತಂಗಿ ಫೋನು ಇಟ್ಟಳು.

ಅವಳಿಗೆ ಪಾಳಿಯಮ್ಮ ಎಂದು ಹೆಸರಿಟ್ಟವರು ಡ್ರೈವರುಗಳು. ಬಸ್ ಡಿಪೋದಲ್ಲಿ ಯಾವ ದಿನ ಯಾವ ಬಸ್ಸಿಗೆ ಯಾರು ಎಂದು ಬರೆಯುವವಳು ಅವಳೇ. ಡೀಸೆಲ್ ವಾಸನೆಯ ಅಂಗಳಕ್ಕೆ ತೆರೆದ ಒಂದು ಕಬ್ಬಿಣದ ಸರಳಿನ ಕಿಟಕಿ, ಅದರ ಹಿಂದೆ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ವಾರದ ಪಾಳಿಯ ಹಾಳೆ. ದಿನಕ್ಕೆ ಎಪ್ಪತ್ತೆರಡು ಖಾನೆ, ಒಂದೂ ಖಾಲಿ ಇರಕೂಡದು. ಹದಿನೈದು ವರ್ಷದಲ್ಲಿ ಒಂದೂ ಖಾಲಿ ಇರಲಿಲ್ಲ. ಅದು ಅವಳ ಹೆಮ್ಮೆ, ಅದೇ ಅವಳ ಕುತ್ತಿಗೆಗೆ ಬಿದ್ದ ಉರುಳು ಕೂಡ.

ಏಕೆಂದರೆ ಹಾಳೆಯ ಕೊನೆಯಲ್ಲಿ 'ಬದಲಿ' ಎಂದು ಒಂದು ಸಾಲಿತ್ತು. ಮೊದಲು ಹನ್ನೆರಡು ವರ್ಷ ಅವಳೇ ಕಂಡಕ್ಟರಾಗಿದ್ದವಳು, ಲೈಸೆನ್ಸ್ ಇನ್ನೂ ಜೀವಂತವಿತ್ತು. ಹಾಗಾಗಿ ಬದಲಿ ಸಾಲಿನಲ್ಲಿ ಅವಳದೇ ಹೆಸರು, ಅದೂ ಪೆನ್ಸಿಲ್ಲಿನಲ್ಲಿ. ಉಳಿದವರದೆಲ್ಲ ಶಾಯಿ. ಯಾರಾದರೂ ಬರುವುದಿಲ್ಲ ಎಂದ ತಕ್ಷಣ ಕೆಳಗಿನ ತನ್ನ ಹೆಸರನ್ನು ರಬ್ಬರಿನಿಂದ ಉಜ್ಜಿ, ಮೇಲಿನ ಖಾಲಿ ಖಾನೆಯಲ್ಲಿ ಬರೆದುಕೊಂಡು, ಚರ್ಮದ ಚೀಲ ಹೆಗಲಿಗೆ ಹಾಕಿ ಹೊರಟುಬಿಡುತ್ತಿದ್ದಳು. ಹೋಗುವಾಗ ಇಡೀ ಡಿಪೋಗೆ ಕೇಳುವಂತೆ ಬೈದುಕೊಂಡೇ ಹೋಗುತ್ತಿದ್ದಳು. ಆದರೆ ಹೋಗುತ್ತಿದ್ದಳು. ಆ ಬೈಗುಳಕ್ಕೆ ಡಿಪೋದಲ್ಲಿ ಯಾರೂ ಸೊಪ್ಪು ಹಾಕುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ರಜೆ ಅರ್ಜಿ ಹಿಡಿದು ಮ್ಯಾನೇಜರ್ ಮುಂದೆ ನಿಂತಳು. ಮ್ಯಾನೇಜರ್ ಒಳ್ಳೆಯ ಮನುಷ್ಯನೇ. ಯಾವ ವಿಷಯಕ್ಕೂ ಇಲ್ಲ ಅನ್ನುತ್ತಿರಲಿಲ್ಲ, ಹೂಂ ಕೂಡ ಅನ್ನುತ್ತಿರಲಿಲ್ಲ. ಅರ್ಜಿಯನ್ನು ಎರಡು ಸಲ ತಿರುಗಿಸಿ ನೋಡಿ, ನಡೆಯೋಕೆ ಯಾಕಮ್ಮ ರಜೆ, ಡಿಪೋ ಸುತ್ತಲೇ ದಿನಾ ನಡೀಬಹುದಲ್ಲ ಎಂದು ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲ. ಅಕ್ಕನ ಬೆನ್ನು, ಗಂಟು, ಹದಿನಾಲ್ಕು ದಿನ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹದಿನೈದು ವರ್ಷದಲ್ಲಿ ಒಟ್ಟಿಗೆ ಮೂರು ದಿನಕ್ಕಿಂತ ಹೆಚ್ಚು ರಜೆ ಕೇಳಿದ್ದರೆ ತೋರಿಸಿ ಎಂದಳು. ಬದಲಿ ಸಾಲಿಗೆ ಟೈರು ಗೋದಾಮಿನವನನ್ನು ಒಪ್ಪಿಸಿದ್ದೇನೆ, ಅವನಿಗೂ ಲೈಸೆನ್ಸ್ ಇದೆ ಎಂದಳು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು, ಕೊನೆಗೆ ಸಹಿ ಹಾಕಿದ. ಸಹಿ ಹಾಕುವಷ್ಟರಲ್ಲಿ ಅವಳ ರಕ್ತ ಕುದಿದು ಅರ್ಧಕ್ಕೆ ಇಳಿದಿತ್ತು.

ಸುದ್ದಿ ಅಂಗಳಕ್ಕೆ ಹರಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಆ ಹೊಳೆ ಪಕ್ಕದಲ್ಲಿ ನಮ್ಮದೇ ಮೂರು ಬಸ್ ಓಡುತ್ತವೆ ಪಾಳಿಯಮ್ಮ, ಪಾಸು ಬೇರೆ ಇದೆ, ನಡೆಯುವ ಕರ್ಮ ಯಾಕೆ ಎಂದು ಡ್ರೈವರುಗಳು ಸಾಲಾಗಿ ಬಂದು ಕಿಟಕಿಯಲ್ಲಿ ಮುಖ ತೂರಿಸಿದರು. ಗುಡ್ಡದ ಕೆರೆಗೆ ಹೋಗುವ ಏಳೂ ಹತ್ತರ ಬಸ್ಸಿನ ಡ್ರೈವರ್, ಕಾಲು ನೋವು ಬಂದರೆ ಕೈ ಮಾಡಿ, ನಿಲ್ಲಿಸುತ್ತೇನೆ ಎಂದ. ನಿಲ್ದಾಣವಲ್ಲದ ಕಡೆ ನಿಲ್ಲಿಸಿದರೆ ಮೆಮೋ ಕೊಡಿಸುತ್ತೇನೆ ಎಂದು ಇವಳು ಹೇಳಿದಳು. ಅದು ತಮಾಷೆಯಲ್ಲ ಎಂದು ಅವನಿಗೂ ಗೊತ್ತಿತ್ತು. ಬಸ್ಸು ಯಾರಿಗಾಗಿಯೂ ಒಂದು ನಿಮಿಷ ಕೂಡ ಕಾಯಕೂಡದು ಎಂದು ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದವಳು ಇವಳೇ.

ಸಂಜೆ ಅಣ್ಣ ಫೋನು ಮಾಡಿದ. ಅವನಿಗೆ ಕಾರಿದೆ, ಕಾರಿದ್ದವರಿಗೆ ಎಲ್ಲದಕ್ಕೂ ಕಾರೇ ಉತ್ತರ. ಇಬ್ಬರನ್ನೂ ಕೂರಿಸಿಕೊಂಡು ಎರಡೇ ದಿನದಲ್ಲಿ ಇಡೀ ಹೊಳೆ ತೋರಿಸಿಕೊಂಡು ಬರುತ್ತೇನೆ, ಬೆನ್ನು ಕೆಟ್ಟವಳನ್ನು ನಡೆಸುವುದು ಯಾವ ಬುದ್ಧಿವಂತಿಕೆ ಎಂದ. ಕಾಲಿರುವಾಗ ಕಾಲಿನಲ್ಲಿ ಹೋಗಬೇಕು ಅಂತಲೇ ಅವಳು ಹೊರಟಿರುವುದು ಎಂದು ಹೇಳಿದರೆ ಅವನ ತಲೆಗೆ ಹೋಗಲಿಲ್ಲ. ಪಾಳಿಯಮ್ಮ ಬಾಯಿಗೆ ಬಂದಂತೆ ಬೈದು ಫೋನು ಕುಕ್ಕಿದಳು. ಬೈದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಮೂಗು ಒರೆಸಿಕೊಂಡಳು.

ಅಕ್ಕ ಹೊಲಿಗೆಯವಳು. ಅವಳ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ನೆಲದ ತುಂಬ ದಾರದ ತುಂಡು, ಕಿಟಕಿಯ ಕೆಳಗೆ ಕಾಲಿನಲ್ಲಿ ತುಳಿಯುವ ಮಿಷನ್ನು. ಬುಧವಾರ ಸಂಜೆ ಪಾಳಿಯಮ್ಮ ಹೋದಾಗ ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಬದಲು ಹೊಳೆದಾರಿಯ ನಕ್ಷೆ ಹರಡಿಕೊಂಡಿತ್ತು. ಪಕ್ಕದಲ್ಲಿ ಎರಡು ಹೊಸ ಚೀಲ. ಮಳೆ ಅಂಗಿಯ ನೀಲಿ ಬಟ್ಟೆಯಲ್ಲಿ ಅಕ್ಕ ಎರಡೇ ದಿನದಲ್ಲಿ ಹೊಲಿದದ್ದು, ದೊಡ್ಡದು ತಂಗಿಗೆ, ಚಿಕ್ಕದು ತನಗೆ. ಒಂದೊಂದಕ್ಕೂ ಒಂಬತ್ತು ಜೇಬು. ಪೆನ್ನಿಗೆ ಬೇರೆ, ಟಾರ್ಚಿಗೆ ಬೇರೆ, ಕಾಲಿನ ಗುಳ್ಳೆಗೆ ಹಚ್ಚುವ ಪಟ್ಟಿಗೂ ಬೇರೆ.

ತಂಗಿ ಡಿಪೋದಿಂದ ನಿಲ್ದಾಣಗಳ ಪಟ್ಟಿ ತಂದಿದ್ದಳು. ಕೆರೆಯಿಂದ ಸಮುದ್ರದವರೆಗೆ ಬಸ್ಸಿನ ಲೆಕ್ಕದಲ್ಲಿ ಎಂಬತ್ತನಾಲ್ಕು ಕಿಲೋಮೀಟರು, ದಿನಕ್ಕೆ ಹದಿನಾಲ್ಕು, ಐದೂಕಾಲು ಗಂಟೆಗೆ ಎದ್ದರೆ ಒಂದು ಗಂಟೆಗೆ ಮುಗಿಯುತ್ತದೆ ಎಂದು ಗಂಟೆಗಂಟೆಯ ಕೋಷ್ಟಕವನ್ನೇ ಹಾಕಿಕೊಂಡು ಬಂದಿದ್ದಳು. ಅಕ್ಕ ಅದನ್ನು ನೋಡಿ ಕೆಂಪು ದಾರದ ಉಂಡೆ ಎತ್ತಿಕೊಂಡಳು. ದಾರದ ತುದಿಯನ್ನು ಕೆರೆಗೆ ಗುಂಡುಪಿನ್ನಿನಿಂದ ಚುಚ್ಚಿ, ಕಾಲುದಾರಿಯ ಒಂದೊಂದು ತಿರುವಿಗೂ ಬೆರಳಿನಿಂದ ಒತ್ತುತ್ತ, ಸಮುದ್ರದವರೆಗೆ ಇಟ್ಟುಕೊಂಡು ಹೋದಳು. ಆಮೇಲೆ ದಾರವನ್ನು ಬಿಡಿಸಿ ನಕ್ಷೆಯ ಮೂಲೆಯ ಕಿಲೋಮೀಟರ್ ಅಳತೆಯ ಪಕ್ಕ ಹಿಡಿದಳು.

"ನೂರ ಹನ್ನೆರಡು," ಎಂದಳು. "ಹೊಳೆ ನಿನ್ನ ಬಸ್ಸಿನ ಹಾಗೆ ನೆಟ್ಟಗೆ ಹೋಗಲ್ಲ ಕಣೇ."

ತಂಗಿಗೆ ಅದಕ್ಕೂ ಸಿಟ್ಟು. ಪಟ್ಟಿ ಸರ್ಕಾರದ್ದು, ದಾರ ಎಳೆದಷ್ಟು ಹಿಗ್ಗುತ್ತದೆ ಎಂದು ವಾದಿಸಿದಳು. ಇಪ್ಪತ್ತೆಂಟು ಕಿಲೋಮೀಟರು ಹಿಗ್ಗುವ ದಾರ ಇದ್ದರೆ ಒಂದು ಉಂಡೆಯಲ್ಲೇ ಇಡೀ ಊರಿಗೆ ಅಂಗಿ ಹೊಲಿಯುತ್ತಿದ್ದೆ ಎಂದಳು ಅಕ್ಕ. ಇಬ್ಬರೂ ಅರ್ಧ ಗಂಟೆ ಕಚ್ಚಾಡಿ ದಿನಕ್ಕೆ ಹತ್ತೊಂಬತ್ತು ಕಿಲೋಮೀಟರಿಗೆ ಬಂದು ನಿಂತರು. ಆಮೇಲೆ ಸಾಮಾನಿನ ಜಗಳ. ಎರಡು ಜೊತೆ ಬಟ್ಟೆ ಸಾಕೋ ಮೂರು ಬೇಕೋ, ಒಬ್ಬೊಬ್ಬರಿಗೆ ಒಂದು ಟವೆಲೋ ಇಬ್ಬರಿಗೂ ಒಂದೋ. ಭಾರವೆಲ್ಲ ನನ್ನ ಚೀಲಕ್ಕೆ ಹಾಕು ಎಂದು ತಂಗಿ, ನಾನೇನು ಗಾಜಿನ ಬೊಂಬೆಯಲ್ಲ ಎಂದು ಅಕ್ಕ. ಇಂಥ ಜಗಳದಲ್ಲಿ ಇಬ್ಬರಿಗೂ ಸುಖವಿತ್ತು. ಐವತ್ತು ವರ್ಷದಿಂದ ಅವರು ಮಾತಾಡಿಕೊಂಡು ಬಂದದ್ದೇ ಹೀಗೆ.

ರಾತ್ರಿ ತಂಗುವ ಮನೆಗಳಿಗೆ ಫೋನು ಮಾಡುವ ಕೆಲಸವನ್ನು ಅಕ್ಕ ತಾನೇ ಇಟ್ಟುಕೊಂಡಳು. ನಾನೂ ಎರಡು ಕಡೆಗೆ ಮಾಡುತ್ತೇನೆ ಎಂದು ತಂಗಿ ಕೇಳಿದ್ದಕ್ಕೆ, ಬೇಡ, ನೀನು ಮಾತಾಡಿದರೆ ಅವರು ರೂಮು ಕೊಡುವುದಿರಲಿ, ಊರು ಬಿಟ್ಟು ಓಡುತ್ತಾರೆ ಎಂದಳು. ತಂಗಿಗೆ ನಗು ಬಂತು. ಬೇರೆ ಯಾವ ಅನುಮಾನವೂ ಬರಲಿಲ್ಲ.

ಡಿಪೋದ ವಾರ ಶುರುವಾಗುವುದು ಶನಿವಾರ, ಗುರುವಾರ ಮಧ್ಯಾಹ್ನ ಮುಂದಿನ ವಾರದ ಹಾಳೆ ಬರೆದು ಮುಗಿಸಬೇಕಿತ್ತು. ಅದು ಸಂಜೆ ಸಹಿ, ಮೊಹರು ಬಿದ್ದು ಅಂಗಳದ ಗಾಜಿನ ಬೋರ್ಡಿಗೆ ಏರಬೇಕು. ಬದಲಿ ಸಾಲಿನಲ್ಲಿ ಟೈರು ಗೋದಾಮಿನವನ ಹೆಸರನ್ನು ಶಾಯಿಯಲ್ಲಿ ಬರೆದಾಗ ಅವಳಿಗೆ ಮೈ ಹಗುರಾಯಿತು. ಅಷ್ಟರಲ್ಲಿ ಅಕ್ಕನ ಫೋನು. ಮೂರನೆಯ ರಾತ್ರಿಯ ಮನೆ ತುಂಬಿಹೋಗಿದೆಯಂತೆ, ಗಿರಣಿಯವರ ಮನೆಯಲ್ಲಿ ಜಾಗವಿದೆ, ಆದರೆ ಮಂಚ ಒಂದೇ, ಏನು ಮಾಡಲಿ ಎಂದು ಕೇಳಿದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಗಿರಣಿಮನೆಗೆ ದಾರಿಯಿಂದ ಎಷ್ಟು ದೂರ, ಮರುದಿನದ ನಡಿಗೆ ಎಷ್ಟು ಉಳಿಯುತ್ತದೆ ಎಂದು ತಂಗಿ ಲೆಕ್ಕ ಹಾಕುತ್ತಿದ್ದಳು.

ಆಗ ಕಿಟಕಿಗೆ ಗಡಿಯಾರ ಬಂದು ನಿಂತ. ಹದಿನಾಲ್ಕನೆಯ ನಂಬರಿನ ಬಸ್ಸಿನ ಕಂಡಕ್ಟರ್ ಅವನು, ಜನ್ಮದಲ್ಲಿ ಒಂದು ದಿನವೂ ಸರಿಯಾದ ಹೊತ್ತಿಗೆ ಬಂದವನಲ್ಲ, ಅದಕ್ಕೇ ಆ ಹೆಸರು. ಒಂದು ಕೆನ್ನೆ ಚೆಂಡಿನಷ್ಟು ಊದಿತ್ತು. ಹಲ್ಲು ಕೀಳಿಸಬೇಕು, ಶನಿವಾರ ಭಾನುವಾರ ಆಗುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡೇ ಗೊಣಗಿದ. ಅವಳು ಫೋನಿನಲ್ಲಿ ಮಾತಾಡುತ್ತಲೇ ತಲೆಯಾಡಿಸಿದಳು. ಅವನ ಹೆಸರಿನ ಮೇಲೆ ಗೆರೆ ಎಳೆದಳು, ಖಾನೆ ತುಂಬಿದಳು, ಹೋಗು ಎಂದು ಕೈ ಬೀಸಿದಳು. ಮಂಚ ಒಂದೇ ಇದ್ದರೇನಂತೆ, ಚಿಕ್ಕವರಿದ್ದಾಗ ಒಂದರಲ್ಲೇ ಮಲಗುತ್ತಿರಲಿಲ್ಲವೇ, ಗಿರಣಿಮನೆಯೇ ಇರಲಿ ಎಂದು ಅಕ್ಕನಿಗೆ ಹೇಳಿ ಮುಗಿಸಿದಳು. ಹಾಳೆಯನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು ಐದು ಗಂಟೆಗೆ ಸರಿಯಾಗಿ ಮನೆಗೆ ಹೊರಟಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಅಕ್ಕತಂಗಿಯರು ಡಿಪೋದ ಅಂಗಳದಲ್ಲಿದ್ದರು. ಇಬ್ಬರ ಬೆನ್ನಿಗೂ ನೀಲಿ ಚೀಲ, ಕಾಲಿಗೆ ಹಳೆಯ ಬೂಟು. ಏಳೂ ಹತ್ತರ ಬಸ್ಸು ಇಂಜಿನ್ ಬಿಸಿ ಮಾಡಿಕೊಳ್ಳುತ್ತಿತ್ತು. ಅಕ್ಕ ಕಲ್ಲುಬೆಂಚಿನ ಮೇಲೆ ಕುಳಿತು ಲೇಸು ಬಿಗಿದುಕೊಳ್ಳುತ್ತಿದ್ದಳು. ತಂಗಿ ಅಭ್ಯಾಸಬಲದಿಂದ ಗಾಜಿನ ಬೋರ್ಡಿನ ಹತ್ತಿರ ಹೋಗಿ ಹಾಳೆಯ ಮೇಲೆ ಕಣ್ಣು ಓಡಿಸಿದಳು. ಶನಿವಾರ, ಹದಿನಾಲ್ಕನೆಯ ನಂಬರು, ಕಂಡಕ್ಟರ್: ಅವಳ ಹೆಸರು. ಭಾನುವಾರ, ಹದಿನಾಲ್ಕನೆಯ ನಂಬರು: ಅವಳ ಹೆಸರೇ.

ಮ್ಯಾನೇಜರ್ ಗೇಟಿನಲ್ಲಿ ನಿಂತು ಬಸ್ಸುಗಳನ್ನು ಎಣಿಸುತ್ತಿದ್ದ. ಪಾಳಿಯಮ್ಮ ಅವನ ಮೇಲೆ ಹರಿಹಾಯ್ದ ರೀತಿಗೆ ಅಂಗಳದಲ್ಲಿ ಬಸ್ಸು ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ ಕಿವಿಗೊಟ್ಟರು. ಸಹಿ ಹಾಕಿ ಬೆನ್ನ ಹಿಂದೆ ಹೆಸರು ತುರುಕುವ ಹೇಡಿ ಎಂದಳು. ಮುಷ್ಕರ, ಟಿಕೆಟ್ ಮಿಷನ್ನು, ಕಾಮಾಲೆ, ಹತ್ತು ವರ್ಷದ ಎಲ್ಲವನ್ನೂ ಹೊರಗೆ ತೆಗೆದಳು. ನಿಮ್ಮ ಡಿಪೋಗೆ ನನ್ನ ಇಪ್ಪತ್ತೇಳು ವರ್ಷ ಸಾಲದು, ನಮ್ಮ ಅಕ್ಕನ ಕಾಲೂ ಬೇಕಾ ಎಂದಳು. ಈ ಸಲದ ಬೈಗುಳ ದಿನದ ಬೈಗುಳವಲ್ಲ ಎಂದು ಸುತ್ತಲಿನವರಿಗೂ ಗೊತ್ತಾಗಿತ್ತು.

ಮ್ಯಾನೇಜರ್ ಅವಳು ಮುಗಿಸುವವರೆಗೂ ಕಾದ. ಆಮೇಲೆ ಬೋರ್ಡಿನ ಹತ್ತಿರ ನಡೆದು, ಗಾಜಿನ ಮೇಲೆ ಬೆರಳಿಟ್ಟ.

"ನಾನು ಬರೆದಿಲ್ಲಮ್ಮ. ಅಕ್ಷರ ನೋಡಿ. ನಿಮ್ಮದೇ."

ಅವಳದೇ. ಅವಳದೇ ಓರೆ ಅಕ್ಷರ, ಅವಳದೇ ಮೊಂಡು ಪೆನ್ಸಿಲ್ಲು. ಒಂದೊಂದು ದಿನವೂ ಎಪ್ಪತ್ತೊಂದು ಶಾಯಿಯ ಹೆಸರುಗಳ ನಡುವೆ ಒಂದೇ ಒಂದು ಬೂದುಬಣ್ಣದ ಹೆಸರು. ಕೆಳಗೆ ಬದಲಿ ಸಾಲಿನಲ್ಲಿ ಟೈರು ಗೋದಾಮಿನವನ ಹೆಸರು ಹಾಗೇ, ಯಾರೂ ಮುಟ್ಟದೆ, ಕುಳಿತಿತ್ತು. ಗಡಿಯಾರನ ಊದಿದ ಕೆನ್ನೆ, ಭುಜಕ್ಕೆ ಸಿಕ್ಕಿಸಿದ ಫೋನು, ಗಿರಣಿಮನೆಯ ಮಂಚ ಎಲ್ಲ ಅವಳ ಕಣ್ಣ ಮುಂದೆ ಬಂದವು. ಖಾಲಿ ಖಾನೆ ಕಂಡ ಕೂಡಲೇ ಅವಳ ಕೈ ಅವಳನ್ನು ಕೇಳದೆಯೇ ಅವಳನ್ನು ಅದರೊಳಗೆ ಹಾಕಿತ್ತು. ಹಾಳೆಗೆ ಮೊಹರು ಬಿದ್ದಾಗಿದೆ, ಈಗ ಬದಲಾಯಿಸಬೇಕೆಂದರೆ ಮೇಲಿನ ಆಫೀಸಿಗೆ ಕಾಗದ ಬರೆಯಬೇಕು, ಎರಡು ದಿನ ತಾನೇ, ಮುಗಿಸಿ ಸೋಮವಾರ ಹೋಗಿ ಅಕ್ಕನನ್ನು ಸೇರಿಕೊಳ್ಳಿ ಎಂದು ಮ್ಯಾನೇಜರ್ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದ. ಅವಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ.

ಅಕ್ಕ ಬೆಂಚಿನಿಂದ ಎದ್ದು ಬಂದಿದ್ದಳು. ಬೋರ್ಡನ್ನು ತುಂಬ ಹೊತ್ತು ನೋಡಿದಳು.

"ಹತ್ತು ವರ್ಷದಿಂದ ನಿನ್ನ ಜೊತೆ ಸೇರ್ಕೊಂಡು ನಾನೂ ಇವರನ್ನ ಬೈದೆ," ಎಂದಳು. ದನಿ ಏರಿರಲಿಲ್ಲ. "ಪಾಪ, ಇವರನ್ನ. ನಿನ್ನನ್ನ ಯಾರೂ ಹಿಡ್ಕೊಂಡಿಲ್ಲ ಕಣೇ. ನೀನಿಲ್ದೆ ಡಿಪೋ ನಡೆದುಬಿಟ್ರೆ ಅಂತ ನಿಂಗೇ ಭಯ."

ಹಾಗಲ್ಲ, ಕೈ ತಪ್ಪಿನಿಂದ ಆದದ್ದು ಎಂದು ತಂಗಿ ಬಾಯಿ ತೆರೆದಳು.

"ಕೈ ತಪ್ಪಿದ್ರೆ ನಿನ್ನ ಹೆಸರೇ ಯಾಕೆ ಬರುತ್ತೆ?" ಎಂದಳು ಅಕ್ಕ. "ನಾನು ಹೋಗ್ತೀನಿ. ನನ್ನ ಕಾಲು ಸೋಮವಾರದ ತನಕ ಕಾಯಲ್ಲ."

ಚಿಕ್ಕ ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ಹಿಂತಿರುಗಿ ನೋಡದೆ ಬಸ್ಸು ಹತ್ತಿದಳು. ಐವತ್ತು ವರ್ಷದ ಜಗಳಗಳಲ್ಲಿ ಅಕ್ಕ ಹೀಗೆ ಎದ್ದು ಹೋದದ್ದು ಇರಲೇ ಇಲ್ಲ. ಅಂಗಳದ ಗಡಿಯಾರ ಏಳೂ ಹತ್ತು ತೋರಿಸಿತು. ಬಸ್ಸು ಒಂದು ನಿಮಿಷವೂ ಕಾಯದೆ, ಕೆಂಪು ಬಣ್ಣದ ಬರಹದ ಕೆಳಗೆ ಹಾದು, ಗೇಟು ದಾಟಿ ಹೋಯಿತು. ಅದರ ಡ್ರೈವರ್ ಇವಳತ್ತ ಒಂದು ಸಲ ನೋಡಿದ್ದ. ಆದರೆ ಮೆಮೋದ ಭಯ ಅವನಿಗೆ ಕಲಿಸಿದ್ದೂ ಇವಳೇ.

ಪಾಳಿಯಮ್ಮ ಬೋರ್ಡಿನ ಮುಂದೆ ಅರ್ಧ ನಿಮಿಷ ನಿಂತಿದ್ದಳು. ಬೋರ್ಡಿಗೆ ಎರಡು ಬೀಗದ ಕೈ, ಒಂದು ಮ್ಯಾನೇಜರ್ ಬಳಿ, ಇನ್ನೊಂದು ಅವಳ ಜೇಬಿನಲ್ಲೇ ಇತ್ತು. ನಿನ್ನೆ ಮ್ಯಾನೇಜರಿಗೆ ಕೊಟ್ಟು ಹೋಗಬೇಕಾದದ್ದು, ಕೊಟ್ಟಿರಲಿಲ್ಲ. ಅದು ಬೆರಳಿಗೆ ತಾಗಿದಾಗಲೇ ಅವಳಿಗೂ ಗೊತ್ತಾದದ್ದು. ಡಿಪೋದ ಬೀಗದ ಕೈ ಹಿಡಿದುಕೊಂಡು ಆರು ದಿನ ಹೊಳೆಯ ಪಕ್ಕ ನಡೆಯಲು ಹೊರಟಿದ್ದಳು. ಅಕ್ಕ ಹೇಳಿದ್ದರಲ್ಲಿ ಇನ್ನೇನು ಉಳಿಯಿತು ಎಂದುಕೊಂಡಾಗ ಸಿಟ್ಟಿಗೆ ಕೊನೆಗೂ ದಾರಿ ಸಿಕ್ಕಿತು, ತನ್ನ ಮೇಲೇ. ಗಾಜಿನ ಬಾಗಿಲು ತೆರೆದಳು. ಅಂಗಿಯ ಜೇಬಿನಲ್ಲಿ ಸದಾ ಇರುವ ರಬ್ಬರು ತೆಗೆದು ಶನಿವಾರದ ಹೆಸರನ್ನು ಉಜ್ಜಿದಳು, ಭಾನುವಾರದ್ದನ್ನೂ ಉಜ್ಜಿದಳು. ಕಾಗದ ತೆಳ್ಳಗಾಗುವಷ್ಟು ಉಜ್ಜಿದಳು.

ಅಲ್ಲಿ ಯಾರು ಎಂದು ಮ್ಯಾನೇಜರ್ ಕೇಳಿದ.

ಕೆಳಗಿನ ಸಾಲಿನಲ್ಲಿ ಒಬ್ಬನಿದ್ದಾನೆ, ನಿಮಗೂ ಒಂದು ಪೆನ್ನಿದೆ, ಬರೆದುಕೊಳ್ಳಿ ಎಂದಳು ಅವಳು. ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು. ಅವಳ ಕಾಲದಲ್ಲಿ ಡಿಪೋದ ಹಾಳೆಯಲ್ಲಿ ಖಾನೆ ಖಾಲಿ ಬಿದ್ದದ್ದು ಅದೇ ಮೊದಲು. ಹಾಗೆ ಬಿಟ್ಟು ತಿರುಗುವಾಗ ಬೆರಳುಗಳು ತುರಿಸಿದವು, ಸುಳ್ಳು ಯಾಕೆ ಹೇಳಬೇಕು. ಅವುಗಳನ್ನು ಚೀಲದ ಪಟ್ಟಿಗೆ ಬಿಗಿಯಾಗಿ ಸಿಕ್ಕಿಸಿಕೊಂಡು ಹೊರಟಳು.

ಏಳೂ ಹತ್ತರ ಬಸ್ಸು ನೇರವಾಗಿ ಊರು ಬಿಡುವುದಿಲ್ಲ. ಮಾರುಕಟ್ಟೆ, ಅಂಚೆ ಕಚೇರಿ, ಹತ್ತಿಗಿರಣಿ ಸುತ್ತಿ ಸೇತುವೆಯ ನಿಲ್ದಾಣಕ್ಕೆ ಬರುವಾಗ ಏಳೂ ಇಪ್ಪತ್ತೊಂದು. ಆ ವೇಳಾಪಟ್ಟಿ ಅವಳೇ ಬರೆದದ್ದು. ಡಿಪೋದ ಹಿಂದಿನಿಂದ ಮೆಟ್ಟಿಲು ಓಣಿ ಇಳಿದರೆ ಸೇತುವೆಗೆ ಏಳು ನಿಮಿಷ. ಆದರೆ ಅದು ಕಂಡಕ್ಟರಾಗಿದ್ದ ಕಾಲದ ಏಳು ನಿಮಿಷ, ಖಾಲಿ ಕೈಯಲ್ಲಿ. ಈಗ ಐವತ್ತಮೂರು ವರ್ಷ, ಬೆನ್ನ ಮೇಲೆ ಬಟ್ಟೆ, ಇಬ್ಬರಿಗಾಗುವಷ್ಟು ಬ್ರೆಡ್ಡು, ನೀರು. ಮೆಟ್ಟಿಲುಗಳನ್ನು ಬೈದಳು, ಚೀಲವನ್ನು ಬೈದಳು, ಬಾಗಿಲಿಗೆ ಅಡ್ಡವಾಗಿ ಬಟ್ಟೆ ಒಣಹಾಕಿದ್ದವರನ್ನು ಬೈದಳು, ತನ್ನನ್ನಂತೂ ಉಸಿರು ಸಿಕ್ಕಾಗಲೆಲ್ಲ ಬೈದುಕೊಂಡಳು. ಸೇತುವೆಯ ನಿಲ್ದಾಣಕ್ಕೆ ಬಂದು ಕಂಬ ಹಿಡಿದುಕೊಂಡಾಗ ತಿರುವಿನಲ್ಲಿ ಬಸ್ಸು ಕಾಣಿಸಿತು.

ಬಸ್ಸಿನಲ್ಲಿ ಆರೇಳು ಜನವಿದ್ದರು. ಅಕ್ಕ ಎಡಗಡೆಯ ಮೂರನೆಯ ಸೀಟಿನಲ್ಲಿ, ಪಕ್ಕದಲ್ಲಿ ಚೀಲವಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ತಂಗಿ ಬಂದು ನಿಂತರೂ ಮುಖ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ತಂಗಿ ಕುಳಿತಳು.

ಊರು ಮುಗಿದು ಹೊಲ ಬಂತು. ಬೆವರು ಆರಿದ ಮೇಲೆ, ಇವತ್ತಿನ ರಾತ್ರಿ ತಂಗುವ ಮನೆ ಎಲ್ಲಿ ಎಂದು ತಂಗಿ ಕೇಳಿದಳು. ಕೇಳಲು ಬೇರೆ ಏನೂ ತೋಚಿರಲಿಲ್ಲ. ಅಕ್ಕ ಚೀಲದ ಒಂದು ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟಳು. ಬಟ್ಟೆಯ ಅಳತೆ ಬರೆಯುವ ಪುಸ್ತಕದಿಂದ ಹರಿದ ಹಾಳೆ. ಆರು ರಾತ್ರಿಗೆ ಆರು ಸಾಲು, ಮನೆಯವರ ಫೋನ್ ನಂಬರು, ಎಷ್ಟು ಜನ. ಆರು ಸಾಲಿನಲ್ಲೂ 'ಒಬ್ಬರು' ಎಂದು ಶಾಯಿಯಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ, ಆರು ಸಾಲಿನಲ್ಲೂ, 'ತಂಗಿ' ಎಂದು ಪೆನ್ಸಿಲ್ಲಿನಲ್ಲಿತ್ತು.

ಅವಳು ಅದನ್ನು ಎರಡು ಸಲ ಓದಿದಳು. ಅಕ್ಕ ಫೋನು ಮಾಡುವ ಕೆಲಸ ತಾನೇ ಇಟ್ಟುಕೊಂಡದ್ದು ಯಾಕೆ, ಗಿರಣಿಮನೆಯವರು ಒಂದೇ ಮಂಚ ಎಂದದ್ದು ಯಾಕೆ ಎಂದು ಈಗ ತಿಳಿಯಿತು. ಅಕ್ಕ ಬುಧವಾರವೇ ಒಬ್ಬಳೇ ಹೋಗಲು ತಯಾರಾಗಿದ್ದಳು. ದೊಡ್ಡ ಚೀಲವನ್ನು ಹೊಲಿಯುತ್ತಿದ್ದಾಗಲೂ ತಯಾರಾಗಿದ್ದಳು. ಸಿಟ್ಟು ಎದ್ದಿತು. ಇವಳು ನನ್ನನ್ನು ಏನೆಂದುಕೊಂಡಿದ್ದಾಳೆ ಎಂದು ಕೇಳಬೇಕೆನ್ನಿಸಿತು. ಏನೆಂದುಕೊಂಡಿದ್ದಳೋ ಅದು ಬೆಳಿಗ್ಗೆ ಬೋರ್ಡಿನ ಮೇಲೇ ಇತ್ತಲ್ಲ.

ಚೀಲದಲ್ಲಿ ಪೆನ್ನಿಗೆಂದು ಹೊಲಿದ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮೊದಲ ಸಾಲಿನ ಪೆನ್ಸಿಲ್ ಅಕ್ಷರದ ಮೇಲೆ ಇಟ್ಟಳು. ಅಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು. ಹೊಲಿಗೆಯವಳ ಹಿಡಿತ, ಬಿಗಿಯಾಗಿತ್ತು.

"ಈಗ ಬರೀಬೇಡ," ಎಂದಳು ಅಕ್ಕ. "ಸಂಜೆ ಅಲ್ಲಿ ತಲುಪಿದ ಮೇಲೆ ಬರಿ. ದಿನಕ್ಕೆ ಒಂದು."

ಪಾಳಿಯಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಕಾಗದವನ್ನು ಮಡಿಸಿ ಅಕ್ಕನ ಕೈಗೇ ಕೊಟ್ಟಳು. ಹೊರಗೆ ಹೊಳೆ ಕಾಣಿಸಿತು, ಬಸ್ಸಿನ ದಾರಿಯಿಂದ ದೂರದಲ್ಲಿ, ಅಂಕುಡೊಂಕಾಗಿ.